ಒಂಬತ್ತು ವರ್ಷ ದುಡಿದ ಸಿಸ್ಟರ್ ವಾರ್ಡ್ ಬಿಟ್ಟಿದ್ದು ಯಾಕೆ? ಮೈಸೂರಿನ ಒಂದು ಪ್ರಕರಣ

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಒಂಬತ್ತು ವರ್ಷ ದುಡಿದ ನರ್ಸ್ ಒಬ್ಬರು ಕೆಲಸ ಬಿಟ್ಟರು. ರಾಜೀನಾಮೆ ಪತ್ರದಲ್ಲಿ ಬರೆದಿದ್ದು ಎರಡೇ ಪದ: ವೈಯಕ್ತಿಕ ಕಾರಣ. ಅವರು ಹೋಗಿ ಆರು ತಿಂಗಳಾಗುವುದರೊಳಗೆ ಅದೇ ವಾರ್ಡಿನಿಂದ ಇನ್ನಿಬ್ಬರು ಹಳಬರು ಹೋದರು. ಅವರ ಪತ್ರಗಳಲ್ಲೂ ಅದೇ ಎರಡು ಪದ. ಆಗ ಆಡಳಿತದವರಿಗೆ ಗಾಬರಿಯಾಯಿತು. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು, ಅದಕ್ಕೂ ಮೊದಲು ವಾರ್ಡಿನಲ್ಲೇ ಇದ್ದವಳು. ಏನಾಗುತ್ತಿದೆ ಅಂತ ನೋಡಿ ಹೇಳಿ ಎಂದು ನನ್ನನ್ನು ಕರೆದರು.

ಇಲ್ಲಿರುವುದು ಮೊದಲು ಹೋದ ಆ ಒಬ್ಬರ ಪ್ರಕರಣ. ಅವರನ್ನು ಭಾಗ್ಯ ಎಂದು ಕರೆಯೋಣ. ಹೆಸರು ನಿಜವಾದದ್ದಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ.

ವಾರ್ಡು ಹೇಗಿತ್ತು

ಆಸ್ಪತ್ರೆಯಲ್ಲಿ ನೂರಕ್ಕೂ ಜಾಸ್ತಿ ಹಾಸಿಗೆಗಳಿವೆ. ಈ ವಾರ್ಡಿನಲ್ಲಿ 32. ಮಂಡ್ಯ, ಚಾಮರಾಜನಗರ, ಕೊಡಗು ಕಡೆಯಿಂದ ಬರುವವರೇ ಹೆಚ್ಚು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಹರ್ನಿಯಾ, ಪಿತ್ತಕೋಶದ ಆಪರೇಷನ್, ನ್ಯುಮೋನಿಯಾ, ಮಳೆಗಾಲದಲ್ಲಿ ಡೆಂಗಿ. ಎಲ್ಲವೂ ಒಂದೇ ವಾರ್ಡಿನಲ್ಲಿ. ಐ.ಸಿ.ಯು.ನಲ್ಲಿ ಹಾಸಿಗೆ ಬೇಕಾದಾಗ ಅಲ್ಲಿಂದ ಸ್ವಲ್ಪ ಸುಧಾರಿಸಿದವರನ್ನು ಕಳಿಸುವುದೂ ಇಲ್ಲಿಗೇ.

ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ರಾತ್ರಿಯದು 8ರಿಂದ ಬೆಳಿಗ್ಗೆ 8. ಬೆಳಿಗ್ಗೆ ನಾಲ್ಕು ಜನ ನರ್ಸ್‌ಗಳು, ಮಧ್ಯಾಹ್ನ ಮೂವರು, ರಾತ್ರಿ ಇಬ್ಬರು. ಯಾರಾದರೂ ರಜೆ ಹಾಕಿದರೆ ಅದರಲ್ಲೂ ಒಬ್ಬರು ಕಡಿಮೆ. ರಾತ್ರಿ 28 ರೋಗಿಗಳಿದ್ದರೆ ಒಬ್ಬ ನರ್ಸ್‌ಗೆ 14 ಜನ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಐವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು. ರಜೆ ತುಂಬಿಕೊಡಲು ಶೇ. 30ರಷ್ಟು ಹೆಚ್ಚುವರಿ ಜನ ಬೇರೆ. ಈ ವಾರ್ಡಿನಲ್ಲಿ ರಜೆ ತುಂಬಿಕೊಡುವ ಜನ ಅಂತ ಯಾರೂ ಇರಲಿಲ್ಲ. ಒಬ್ಬರ ರಜೆ ಎಂದರೆ ಇನ್ನೊಬ್ಬರ ಡಬಲ್ ಡ್ಯೂಟಿ.

ಭಾಗ್ಯ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದಿದವರು. ಶ್ರೀರಂಗಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು. ಮನೆಯಲ್ಲಿ ಗಂಡ, ಅತ್ತೆ, ಮೂರನೇ ಕ್ಲಾಸಿನ ಮಗಳು. ಸಂಬಳ 24 ಸಾವಿರದ ಹತ್ತಿರ. ಕಿರಿಯ ಹುಡುಗಿಯರು ಅವರನ್ನು 'ಭಾಗ್ಯಕ್ಕ' ಅನ್ನುತ್ತಿದ್ದರು. ರಕ್ತನಾಳ ಸಿಗದ ಮುದುಕರಿಗೆ ಕ್ಯಾನುಲಾ (ಡ್ರಿಪ್ ಕೊಡುವ ಸಣ್ಣ ಕೊಳವೆ) ಹಾಕಬೇಕೆಂದರೆ ಬೇರೆ ವಾರ್ಡಿನವರೂ ಇವರನ್ನೇ ಕರೆಯುತ್ತಿದ್ದರು. ವಾರ್ಡ್ ಇನ್‌ಚಾರ್ಜ್ ಹೆರಿಗೆ ರಜೆಗೆ ಹೋದಾಗ ಆ ಜವಾಬ್ದಾರಿಯನ್ನು ಇವರಿಗೇ ಕೊಟ್ಟರು. ರೋಗಿಗಳನ್ನು ಮಾತ್ರ ಕಡಿಮೆ ಮಾಡಲಿಲ್ಲ. ಅಂದರೆ ಏಳೆಂಟು ರೋಗಿಗಳನ್ನೂ ನೋಡಿಕೊಳ್ಳಬೇಕು, ಇಡೀ ವಾರ್ಡಿನ ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ), ಪಾಳಿ ಪಟ್ಟಿ, ದೂರುಗಳನ್ನೂ ನೋಡಿಕೊಳ್ಳಬೇಕು.

ಲೆಕ್ಕಕ್ಕೆ ಸಿಗದ ಕೆಲಸ

ಆಡಳಿತದವರು ನನಗೆ ಮೊದಲು ಹೇಳಿದ್ದು ಇದು: "ವಾರ್ಡ್ ಪೂರ್ತಿ ಯಾವತ್ತೂ ತುಂಬಿರಲ್ಲ ಮೇಡಂ. ಸರಾಸರಿ 27 ಅಷ್ಟೇ." ಅವರು ಸುಳ್ಳು ಹೇಳುತ್ತಿರಲಿಲ್ಲ. ರೋಗಿಗಳನ್ನು ಎಣಿಸುತ್ತಿದ್ದುದು ಮಧ್ಯರಾತ್ರಿ 12 ಗಂಟೆಗೆ. ಆ ಹೊತ್ತಿಗೆ 27 ಇರುತ್ತಿದ್ದುದು ನಿಜ.

ನಾನು ವಾರ್ಡಿನ ರಿಜಿಸ್ಟರ್ ತೆಗೆದು ಒಂದು ಸಾಧಾರಣ ಸೋಮವಾರವನ್ನು ನೋಡಿದೆ. ಹಿಂದಿನ ರಾತ್ರಿ 27 ರೋಗಿಗಳು. ಹಗಲಲ್ಲಿ 9 ಜನ ಡಿಸ್ಚಾರ್ಜ್. 8 ಹೊಸ ಅಡ್ಮಿಷನ್. ಐ.ಸಿ.ಯು.ನಿಂದ 3 ಜನ ಬಂದರು, 2 ಜನ ಅಲ್ಲಿಗೆ ಹೋದರು. ಮಧ್ಯರಾತ್ರಿ ಎಣಿಸಿದಾಗ ಮತ್ತೆ 27. ಆದರೆ ಆ ದಿನ ನರ್ಸ್‌ಗಳು ನೋಡಿಕೊಂಡದ್ದು 38 ಜನರನ್ನು. ಒಬ್ಬರನ್ನು ಒಳಗೆ ತೆಗೆದುಕೊಳ್ಳುವುದು ಸುಮ್ನೆ ಹಾಸಿಗೆ ತೋರಿಸುವ ಕೆಲಸ ಅಲ್ಲ, ಅಲ್ವಾ? ಹಳೆಯ ಔಷಧಿಗಳನ್ನು ವಿಚಾರಿಸಬೇಕು. ಅಲರ್ಜಿ ಕೇಳಬೇಕು. ಡ್ರಿಪ್ ಹಾಕಬೇಕು, ರಕ್ತ ತೆಗೆದು ಕಳಿಸಬೇಕು. ಜೊತೆಗೆ ಬಂದವರನ್ನು ಸಮಾಧಾನ ಮಾಡಬೇಕು. ಆಮೇಲೆ ಇದೆಲ್ಲವನ್ನೂ ಬರೆಯಬೇಕು. ಒಬ್ಬರನ್ನು ಕಳಿಸುವುದೂ ಅಷ್ಟೇ ಕೆಲಸ. ಹೊರಗೆ ಹೋದ 11 ಜನ, ಒಳಗೆ ಬಂದ 11 ಜನ, ಇವರ ಯಾರ ಕೆಲಸವೂ 27 ಎಂಬ ಅಂಕಿಯಲ್ಲಿ ಕಾಣುವುದಿಲ್ಲ.

ಐ.ಸಿ.ಯು.ನಲ್ಲಿ ಒಬ್ಬ ನರ್ಸ್‌ಗೆ ಒಬ್ಬರೋ ಇಬ್ಬರೋ ರೋಗಿಗಳು, ತಲೆಯ ಹತ್ತಿರ ಮಾನಿಟರ್. ಆಪರೇಷನ್ ಥಿಯೇಟರ್‌ಗೆ ಪಟ್ಟಿ ಇರುತ್ತದೆ. ಡಯಾಲಿಸಿಸ್‌ಗೆ ಸಮಯ ಇರುತ್ತದೆ. ಒ.ಪಿ.ಡಿ.ಗೆ ರಾತ್ರಿ ಇಲ್ಲ. ಈ ವಾರ್ಡಿಗೆ ಮಾತ್ರ ಯಾವ ಬೇಲಿಯೂ ಇಲ್ಲ. ಬೇರೆಲ್ಲೂ ಹಿಡಿಸದ ಕೆಲಸ ಇಲ್ಲಿಗೆ ಬಂದು ನಿಲ್ಲುತ್ತದೆ. ಅನುಭವಿ ನರ್ಸ್‌ಗಳು ಇಲ್ಲಿಂದ ಐ.ಸಿ.ಯು.ಗೋ ಡಯಾಲಿಸಿಸ್‌ಗೋ ಹೋದಾಗ ಅವರಿಗೆ ಆಸೆ ಜಾಸ್ತಿ ಎಂದು ಹೇಳುವವರು ಈ ವ್ಯತ್ಯಾಸವನ್ನು ಒಮ್ಮೆ ನಿಂತು ನೋಡಬೇಕು.

ಮೊದಲ ರಾಜೀನಾಮೆ, ಮೂರು ಪರಿಹಾರ

ಭಾಗ್ಯ ಮೊದಲ ಸಲ ರಾಜೀನಾಮೆ ಕೊಟ್ಟದ್ದು ಒಂದು ದಸರಾ ಮುಗಿದ ಮೇಲೆ. ಜಂಬೂಸವಾರಿಯ ದಿನ ಊರಿನ ರಸ್ತೆಗಳೆಲ್ಲ ಬಂದ್ ಆಗಿದ್ದವು. ರಾತ್ರಿ ಪಾಳಿಯವರಲ್ಲಿ ಒಬ್ಬರಿಗೆ ಬರಲು ಆಗಲಿಲ್ಲ. ಬೆಳಿಗ್ಗೆ 8ಕ್ಕೆ ಬಂದು ಆಗಲೇ ಎರಡು ಪಾಳಿ ಮುಗಿಸಿದ್ದ ಭಾಗ್ಯ ಮರುದಿನ ಬೆಳಿಗ್ಗೆವರೆಗೆ ನಿಂತರು. ನಿಲ್ಲಿ ಎಂದು ಯಾರೂ ಬಲವಂತ ಮಾಡಲಿಲ್ಲ. ಆದರೆ ಇವರು ಹೊರಟರೆ ವಾರ್ಡಿನಲ್ಲಿ ಉಳಿಯುತ್ತಿದ್ದುದು ಕಾಲೇಜು ಮುಗಿಸಿ ಎರಡು ತಿಂಗಳಾಗಿದ್ದ ಒಬ್ಬ ಹುಡುಗಿ. ಹಾಗಿರುವಾಗ ಬಲವಂತದ ಅಗತ್ಯವೇ ಇರುವುದಿಲ್ಲ.

ಆಡಳಿತ ಆ ರಾಜೀನಾಮೆಯನ್ನು ತಡೆಯಿತು. ಮೂರು ಕೆಲಸ ಮಾಡಿತು.

ಸಂಬಳ 3 ಸಾವಿರ ಏರಿಸಿತು, 'ಸೀನಿಯರ್ ಸ್ಟಾಫ್ ನರ್ಸ್' ಎಂಬ ಹುದ್ದೆ ಕೊಟ್ಟಿತು. ಹಣ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 100ರಿಂದ 200 ಹಾಸಿಗೆಯ ಆಸ್ಪತ್ರೆಯಾದರೆ ಸಂಬಳ ಸರ್ಕಾರಿ ನರ್ಸ್‌ಗಳದ್ದಕ್ಕಿಂತ ಕಡಿಮೆ ಇದ್ದರೂ ಆ ವ್ಯತ್ಯಾಸ ಶೇ. 10 ದಾಟಬಾರದು ಎಂದು ಅದು ಶಿಫಾರಸು ಮಾಡಿತು. ಏರಿಸಿದ ಮೇಲೂ ಭಾಗ್ಯ ಅವರ ಸಂಬಳ ಅದರ ಹತ್ತಿರಕ್ಕೆ ಬರಲಿಲ್ಲ.

ಎರಡನೆಯದು, ಮೂವರು ಹೊಸ ಹುಡುಗಿಯರನ್ನು ತೆಗೆದುಕೊಂಡರು. ಕಾಗದದಲ್ಲಿ ವಾರ್ಡಿಗೆ ಮೂವರು ಜಾಸ್ತಿಯಾದರು. ಆದರೆ ಮೂವರನ್ನೂ ಭಾಗ್ಯ ಅವರ ಕೈಗೇ ಒಪ್ಪಿಸಿದರು. ಹೊಸಬರು ಕೊಡುವ ಪ್ರತಿ ಇನ್ಸುಲಿನ್ ಡೋಸನ್ನು, ಪ್ರತಿ ಆಂಟಿಬಯೋಟಿಕನ್ನು ಇನ್ನೊಬ್ಬರು ನೋಡಲೇಬೇಕು. ಕಲಿಸುವುದು ಭಾಗ್ಯ ಅವರಿಗೆ ಇಷ್ಟದ ಕೆಲಸ. ಆದರೆ ಕಲಿಸಲು ಅಂತ ಅವರಿಗೆ ಒಂದು ಗಂಟೆಯನ್ನೂ ಬಿಟ್ಟುಕೊಡಲಿಲ್ಲ, ಒಬ್ಬ ರೋಗಿಯನ್ನೂ ಕಡಿಮೆ ಮಾಡಲಿಲ್ಲ. ಆರು ತಿಂಗಳಲ್ಲಿ ಆ ಮೂವರಲ್ಲಿ ಇಬ್ಬರು ಬೆಂಗಳೂರಿಗೆ ಹೋದರು. ಅವರ ಜಾಗಕ್ಕೆ ಮತ್ತಿಬ್ಬರು ಹೊಸಬರು. ಕಲಿಸುವುದು ಮತ್ತೆ ಮೊದಲಿನಿಂದ.

ಮೂರನೆಯದು, ದಾಖಲೆ ಬರೆಯುವ ಹೊರೆ ಕಡಿಮೆ ಮಾಡಲು ಕಂಪ್ಯೂಟರ್ ತಂದರು. ಕಾಗದವನ್ನು ನಿಲ್ಲಿಸಲಿಲ್ಲ. ಡಾಕ್ಟರ್‌ಗಳು ಫೈಲಿನಲ್ಲೇ ನೋಡುತ್ತಿದ್ದರು, ತಪಾಸಣೆಗೆ ಬರುವವರು ಫೈಲನ್ನೇ ಕೇಳುತ್ತಿದ್ದರು. ಹಾಗಾಗಿ ಒಂದೇ ಬಿ.ಪಿ.ಯನ್ನು ಎರಡು ಕಡೆ ಬರೆಯಬೇಕಾಯಿತು.

ಮೇ 12ರ ದಾದಿಯರ ದಿನಾಚರಣೆಯಲ್ಲಿ ಭಾಗ್ಯ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಸಮಾರಂಭ ಮುಗಿದ ಮೇಲೆ ಮಧ್ಯಾಹ್ನದ ಪಾಳಿಗೆ ಒಬ್ಬರು ಕಡಿಮೆ ಇದ್ದಾರೆ ಎಂದು ಅವರನ್ನೇ ಉಳಿಸಿಕೊಂಡರು.

ಮೂರು ಪರಿಹಾರಗಳೂ ಒಳ್ಳೆಯ ಮನಸ್ಸಿನಿಂದ ಮಾಡಿದವು. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಭಾಗ್ಯ ಅವರ ಕೈಯಿಂದ ಯಾವ ಕೆಲಸವನ್ನು ತೆಗೆಯುತ್ತೇವೆ? ಕೊಟ್ಟಿದ್ದೆಲ್ಲ ಇದ್ದ ಹೊರೆಯ ಮೇಲೆಯೇ ಬಂದು ಕೂತಿತು.

ತಿರುವು

ಒಂದು ಸಂಜೆ. ಮದ್ದೂರಿನ ಕಡೆಯ ಹಿರಿಯರೊಬ್ಬರಿಗೆ ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ. ಬಿ.ಪಿ. ಸರಿಯಾಗಿದೆ. ಜ್ವರ ಇಲ್ಲ. ಆಕ್ಸಿಜನ್ 95. ಚಾರ್ಟಿನಲ್ಲಿ ಉಸಿರಾಟ ನಿಮಿಷಕ್ಕೆ 20 ಎಂದಿದೆ. ಭಾಗ್ಯ ಹಾದುಹೋಗುವಾಗ ಅವರು ಹೇಳಿದರು: "ಏನೋ ಒಂಥರಾ ಆಯ್ತದೆ ಕಣವ್ವ. ಮಲಗಕ್ಕೂ ಆಗ್ತಿಲ್ಲ, ಕೂರಕ್ಕೂ ಆಗ್ತಿಲ್ಲ."

ಭಾಗ್ಯ ನಿಂತರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. 28.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರೋಗಿ ಹದಗೆಡುವಾಗ ಅನೇಕ ಸಲ ಮೊದಲು ಬದಲಾಗುವುದು ಉಸಿರಾಟ. ಬಿ.ಪಿ. ಬೀಳುವುದು ತಡವಾಗಿ. ಆದರೆ ಬಿ.ಪಿ., ನಾಡಿ, ಆಕ್ಸಿಜನ್ ಎಲ್ಲವನ್ನೂ ಯಂತ್ರ ಹೇಳುತ್ತದೆ. ವಾರ್ಡಿನಲ್ಲಿ ಉಸಿರನ್ನು ಮನುಷ್ಯರೇ ನಿಂತು ಎಣಿಸಬೇಕು. ಒಬ್ಬರಿಗೆ ಎಲ್ಲ ಸೇರಿ ಐದು ನಿಮಿಷ ಎಂದರೂ 14 ರೋಗಿಗಳಿಗೆ 70 ನಿಮಿಷ. ಅದು ಯಾರೂ ಕರೆಯದಿದ್ದರೆ, ಫೋನ್ ಬಾರದಿದ್ದರೆ ಮಾತ್ರ. ಹಾಗಾಗಿ ಉಸಿರಾಟದ ಜಾಗದಲ್ಲಿ ಸುಮ್ನೆ 18 ಅಥವಾ 20 ಎಂದು ಬರೆದುಬಿಡುತ್ತಾರೆ. ಆ ಸಂಜೆ ಚಾರ್ಟಿನಲ್ಲಿ ಹಾಗೆ ಬರೆದ ಹುಡುಗಿಯನ್ನು ನಾನು ಬೈಯಲಾರೆ. ಆದರೆ ಎಣಿಸದೆ ಬರೆದ ಆ 20ರ ಮುಂದೆ ನಿಂತು, ಇದು ಸರಿ ಇಲ್ಲ ಎಂದು ಅನ್ನಿಸಿದೆಯಲ್ಲ, ಅದೇ ಒಂಬತ್ತು ವರ್ಷದ ಬೆಲೆ.

ಭಾಗ್ಯ ಡ್ಯೂಟಿ ಡಾಕ್ಟರನ್ನು ಕರೆದರು. ಅವರು ಬರುವುದು ತಡವಾಯಿತು. ನೇರವಾಗಿ ಸರ್ಜನ್‌ಗೆ ಫೋನ್ ಮಾಡಿದರು. ಅದೇ ಹೊತ್ತಿಗೆ ಕೌಂಟರಿನಲ್ಲಿ ಬೇರೆ ಇಬ್ಬರು ರೋಗಿಗಳ ಮನೆಯವರು ಡಿಸ್ಚಾರ್ಜ್ ತಡ ಆಯಿತೆಂದು ಜೋರು ಮಾಡುತ್ತಿದ್ದರು. ನಗದುರಹಿತ ವಿಮೆಯಿದ್ದರೆ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಎಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಜನರಿಗೂ ಅದು ಗೊತ್ತಾಗಿದೆ. ವಾರ್ಡಿನಿಂದ ಕಾಗದ ಹೋಗದಿದ್ದರೆ ಅವರು ಕೇಳುವುದು ಮುಂದೆ ನಿಂತ ನರ್ಸನ್ನು. ಕೆಳಗಿನಿಂದ ಫ್ರಂಟ್ ಆಫೀಸಿನವರು ಹಾಸಿಗೆ ಖಾಲಿ ಮಾಡಿಕೊಡಿ ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

ಭಾಗ್ಯ ಯಾವುದಕ್ಕೂ ಕೌಂಟರಿಗೆ ಹೋಗಲಿಲ್ಲ. ಹಾಸಿಗೆಯ ಪಕ್ಕದಲ್ಲೇ ನಿಂತರು. ಸರ್ಜನ್ ಬಂದರು. ಕರುಳಿನ ಹೊಲಿಗೆ ಬಿಟ್ಟಿತ್ತು. ಆ ರಾತ್ರಿಯೇ ಮತ್ತೆ ಆಪರೇಷನ್, ಆಮೇಲೆ ಐ.ಸಿ.ಯು. ಹಿರಿಯರು ಬದುಕಿ ಮನೆಗೆ ಹೋದರು.

ಮುಂದಿನ ತಿಂಗಳ ಸಭೆಯಲ್ಲಿ ಡಿಸ್ಚಾರ್ಜ್ ತಡವಾದವರ ಪಟ್ಟಿ ಬಂತು. ಆ ಸಂಜೆಯ ಎರಡು ಡಿಸ್ಚಾರ್ಜ್‌ಗಳು ಅದರಲ್ಲಿದ್ದವು. ಪಕ್ಕದಲ್ಲಿ ಪಾಳಿಯ ಜವಾಬ್ದಾರಿ ಯಾರದ್ದು ಎಂದು ಭಾಗ್ಯ ಅವರ ಹೆಸರು. ಲಿಖಿತ ವಿವರಣೆ ಕೊಡಿ ಎಂದರು. ಕೇಳಿದವರಿಗೆ ಆ ಸಂಜೆ ವಾರ್ಡಿನಲ್ಲಿ ಏನಾಯಿತೆಂದು ಗೊತ್ತೇ ಇರಲಿಲ್ಲ. ಡಿಸ್ಚಾರ್ಜ್ ಎಷ್ಟು ಹೊತ್ತಾಯಿತು ಎಂಬುದಕ್ಕೆ ಒಂದು ಕಾಲಂ ಇತ್ತು. ಹದಗೆಡುತ್ತಿದ್ದ ರೋಗಿಯನ್ನು ಸಮಯಕ್ಕೆ ಗುರುತಿಸಿದ್ದಕ್ಕೆ ಯಾವ ಕಾಲಂ ಕೂಡ ಇರಲಿಲ್ಲ.

ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ವಿಷಯ ಗೊತ್ತಿತ್ತು. ಸಭೆಯಲ್ಲೇ ಹೇಳಬಹುದಿತ್ತು. "ಎರಡು ಸಾಲು ಬರೆದು ಕೊಟ್ಟುಬಿಡಮ್ಮ, ಅಲ್ಲಿಗೆ ಮುಗಿಯುತ್ತೆ" ಎಂದರು. ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಭಾಗ್ಯ ಎರಡು ಸಾಲು ಬರೆದುಕೊಟ್ಟರು. ಅದೇ ವಾರ ಇನ್ನೆರಡು ಸಾಲು ಬರೆದರು, ಅದು ರಾಜೀನಾಮೆ. ಈ ಸಲ ಯಾರ ಮಾತಿಗೂ ಹಿಂತೆಗೆದುಕೊಳ್ಳಲಿಲ್ಲ.

ಹೋದ ಮೇಲೆ

ಭಾಗ್ಯ ಸೇರಿದ್ದು ಒಂದು ಡಯಾಲಿಸಿಸ್ ಕೇಂದ್ರಕ್ಕೆ. ರಾತ್ರಿ ಪಾಳಿ ಇಲ್ಲ. ಸಂಬಳ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆಯೇ. ಹಣಕ್ಕಾಗಿ ಹೋದರು ಎಂದು ಆಡಳಿತದಲ್ಲಿ ಒಬ್ಬರು ಹೇಳುತ್ತಿದ್ದಾಗ ನಾನು ಈ ವಿಷಯ ತಿಳಿಸಿದೆ. ಅವರು ನಂಬಲಿಲ್ಲ.

ಪತ್ರದಲ್ಲಿ ಯಾಕೆ ವೈಯಕ್ತಿಕ ಕಾರಣ ಎಂದು ಬರೆದಿರಿ ಎಂದು ಕೇಳಿದೆ. "ಮೇಡಂ, ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಬೇಕಲ್ಲ" ಎಂದರು. ಬಿಟ್ಟುಹೋಗುವವರ ಪತ್ರಗಳನ್ನು ಇಟ್ಟುಕೊಂಡು ಕಾರಣ ಹುಡುಕುವ ಆಸ್ಪತ್ರೆಗಳಿಗೆ ಇದೊಂದೇ ಉತ್ತರ ಸಾಕು.

ವಾರ್ಡಿನಲ್ಲಿ ಆದದ್ದು ಬೇರೆ. ಭಾಗ್ಯ ಇದ್ದಾಗ ಕಿರಿಯರು ಸಂಶಯ ಬಂದರೆ ತಿರುಗಿ ಕೇಳುತ್ತಿದ್ದರು. ಈಗ ಕೇಳಲು ಯಾರೂ ಸಿಗದೆ ಡಯಾಲಿಸಿಸ್ ಕೇಂದ್ರಕ್ಕೆ ಫೋನ್ ಮಾಡತೊಡಗಿದರು. "ಅಕ್ಕ, ಈ ಡೋಸ್ ಸರಿ ಇದೆಯಾ?" ಉಳಿದಿದ್ದ ಹಳಬರಲ್ಲಿ ಇಬ್ಬರ ಮೇಲೆ ಭಾಗ್ಯ ಹೊರುತ್ತಿದ್ದ ಹೊರೆ ಬಿತ್ತು. ಅವರೂ ಹೋದರು. ಒಬ್ಬರು ಹೋದರೆ ಉಳಿದವರು ಹೋಗುವ ಕಾರಣ ಇನ್ನಷ್ಟು ಬಲವಾಗುತ್ತದೆ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಲಿಂಡಾ ಏಕನ್ ತಂಡ ಮಾಡಿದ ಅಧ್ಯಯನ ಪ್ರಕಟವಾಯಿತು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ, ನರ್ಸ್ ಬಸವಳಿಯುವ ಸಂಭವ ಶೇ. 23ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಕ್ಯಾಲಿಫೋರ್ನಿಯಾ ರಾಜ್ಯ 2005ರಿಂದ ಇಂಥ ವಾರ್ಡಿಗೆ ಐವರಿಗೆ ಒಬ್ಬರು ಎಂದು ಕಾನೂನನ್ನೇ ಜಾರಿ ಮಾಡಿತು. ನರ್ಸ್ ದಣಿಯುವುದೂ ರೋಗಿ ಸಾಯುವುದೂ ಬೇರೆ ಬೇರೆ ವಿಷಯ ಅಲ್ಲ ಎಂದು ಆಡಳಿತದವರಿಗೆ ಹೇಳಲು ನನಗೆ ಈ ಅಂಕಿಗಳು ಬೇಕಾದವು. ಮದ್ದೂರಿನ ಹಿರಿಯರ ಫೈಲ್ ಅದಕ್ಕಿಂತ ಚೆನ್ನಾಗಿ ಹೇಳಿತು.

ಏನು ಬದಲಾಯಿತು, ಏನು ಆಗಲಿಲ್ಲ

ಉಳಿದವರನ್ನು ಒಬ್ಬೊಬ್ಬರಾಗಿ ಕೂರಿಸಿ, "ನಾಳೆ ಬೆಳಿಗ್ಗೆಯಿಂದ ನಿಮ್ಮ ಕೈಯಿಂದ ಒಂದೇ ಒಂದು ಕೆಲಸ ತೆಗೆಯಬಹುದು ಎಂದರೆ ಯಾವುದು?" ಎಂದು ಕೇಳಿದೆವು. ಹೆಚ್ಚಿನವರ ಉತ್ತರ ಒಂದೇ: ಡಿಸ್ಚಾರ್ಜ್‌ನ ಓಡಾಟ. ಬಿಲ್, ವಿಮೆ, ಆಂಬುಲೆನ್ಸ್, ಔಷಧಿ ವಾಪಸ್. ಇವುಗಳಿಗೆಂದೇ ವಾರ್ಡಿನಲ್ಲಿ ಒಬ್ಬ ಪದವೀಧರ ಹುಡುಗನನ್ನು ಕೂರಿಸಿದರು. ನರ್ಸ್ ಈಗ ಔಷಧಿ ಹೇಗೆ ತೆಗೆದುಕೊಳ್ಳಬೇಕು, ಗಾಯ ಹೇಗೆ ನೋಡಿಕೊಳ್ಳಬೇಕು ಎಂದು ಮಾತ್ರ ಹೇಳಿಕೊಡುತ್ತಾರೆ. ಎಲ್ಲಕ್ಕಿಂತ ಕಡಿಮೆ ಖರ್ಚಿನ ಬದಲಾವಣೆ ಇದು, ಎಲ್ಲಕ್ಕಿಂತ ಹೆಚ್ಚು ನಿರಾಳ ಕೊಟ್ಟದ್ದೂ ಇದೇ.

ಬೆಳಗಿನ ಪಾಳಿಯಲ್ಲಿ ಇನ್‌ಚಾರ್ಜ್‌ಗೆ ಸ್ವಂತ ರೋಗಿಗಳಿಲ್ಲ ಎಂದಾಯಿತು. ಒಂದು ಪಾಳಿಯಲ್ಲಿ ಒಬ್ಬರಿಗಿಂತ ಹೆಚ್ಚು ಹೊಸಬರು ಇರಬಾರದು, ಕಲಿಸುವವರಿಗೆ ಎರಡು ರೋಗಿ ಕಡಿಮೆ ಎಂದಾಯಿತು. ಪಾಳಿ ಪಟ್ಟಿ ತಿಂಗಳಿಗೆ ಮುಂಚೆ ಗೋಡೆಗೆ ಬರುತ್ತದೆ. ಮಗುವಿನ ಶಾಲೆಯ ದಿನ, ಮನೆಯ ಹಬ್ಬ ಹೊಂದಿಸಿಕೊಳ್ಳಲು ಇದು ಎಷ್ಟು ಮುಖ್ಯ ಎಂದು ಪಾಳಿ ಮಾಡಿದವರಿಗೆ ಮಾತ್ರ ಗೊತ್ತು. ಉಸಿರಾಟವನ್ನು ಎಣಿಸಿ ಬರೆದ ಸಮಯವನ್ನೂ ಚಾರ್ಟಿನಲ್ಲಿ ಹಾಕುತ್ತಾರೆ. ಹದಗೆಡುತ್ತಿರುವ ರೋಗಿಯನ್ನು ಗುರುತಿಸಿದ ಘಟನೆಗಳನ್ನು ತಿಂಗಳ ಸಭೆಯಲ್ಲಿ ಡಿಸ್ಚಾರ್ಜ್ ಪಟ್ಟಿಗಿಂತ ಮೊದಲು ಓದುತ್ತಾರೆ. ಈ ಕೊನೆಯದನ್ನು ಒಪ್ಪಿಸಲು ಬಹಳ ವಾದ ಮಾಡಬೇಕಾಯಿತು.

ಡೆಂಗಿ ಸಮಯ ಬಂದಾಗ ಇವುಗಳಲ್ಲಿ ಕೆಲವು ಕುಸಿದವು. ಇನ್‌ಚಾರ್ಜ್ ಮತ್ತೆ ರೋಗಿಗಳನ್ನು ನೋಡಬೇಕಾಯಿತು, ಡಬಲ್ ಡ್ಯೂಟಿ ಮರಳಿತು. ಆದರೆ ಡಿಸ್ಚಾರ್ಜ್ ನೋಡುವ ಹುಡುಗನನ್ನು ಮಾತ್ರ ತೆಗೆಯಬೇಡಿ ಎಂದು ನರ್ಸ್‌ಗಳೇ ಪಟ್ಟು ಹಿಡಿದರು. ಒಂದು ವರ್ಷದಲ್ಲಿ ಮತ್ತೊಬ್ಬ ಅನುಭವಿ ಹೋದರು. ಅವರು ಜರ್ಮನ್ ಭಾಷೆ ಕಲಿತು ಜರ್ಮನಿಗೇ ಹೋದರು. ಅದನ್ನು ಈ ಆಸ್ಪತ್ರೆ ತಡೆಯಲು ಆಗುತ್ತಿರಲಿಲ್ಲ, ತಡೆಯುವುದು ನ್ಯಾಯವೂ ಅಲ್ಲ. ಐದು ವರ್ಷ ದಾಟಿದ ಬೇರೆ ಇಬ್ಬರು ಉಳಿದಿದ್ದಾರೆ. ಅವರಲ್ಲಿ ಒಬ್ಬರು ಬರೆದಿಟ್ಟಿದ್ದ ರಾಜೀನಾಮೆಯನ್ನು ಹರಿದು ಹಾಕಿದ್ದಾಗಿ ನನಗೆ ಹೇಳಿದರು.

ಭಾಗ್ಯ ಅವರನ್ನು ವಾಪಸ್ ಕರೆದರು. ಹೊಸ ವ್ಯವಸ್ಥೆಯನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ರಾತ್ರಿಗೆ ಎಷ್ಟು ಜನ?" ಇನ್ನೂ ಇಬ್ಬರೇ. ಅವರು ಬರಲಿಲ್ಲ.

ರಾತ್ರಿ ಪಾಳಿಗೆ ಮೂರನೇ ನರ್ಸ್ ಬೇಕು, ಮಧ್ಯರಾತ್ರಿಯ ಎಣಿಕೆಯ ಬದಲು ಬಂದವರು-ಹೋದವರ ಲೆಕ್ಕದ ಮೇಲೆ ಜನರನ್ನು ಕೊಡಬೇಕು ಎಂಬ ಪ್ರಸ್ತಾವವನ್ನು ಸೂಪರಿಂಟೆಂಡೆಂಟ್ ತಾವೇ ಬರೆದು ಮುಂದಿನ ವರ್ಷದ ಬಜೆಟ್‌ಗೆ ಕೊಟ್ಟಿದ್ದಾರೆ. ಅದರ ಜೊತೆಗೆ ಆ ಸಂಜೆಯ ಚಾರ್ಟಿನ ಪ್ರತಿಯನ್ನೂ, ರೋಗಿಯ ಹೆಸರು ಅಳಿಸಿ, ಲಗತ್ತಿಸಿದ್ದಾರೆ. ಆಡಳಿತ ಮಂಡಳಿ ಇನ್ನೂ ಉತ್ತರ ಕೊಟ್ಟಿಲ್ಲ.